ಮೂರು ನಿಮಿಷದ ಹಾಡಿಗೆ ನಲವತ್ತು ನಿಮಿಷದ ಪೀಠಿಕೆ

ಪ್ರೊಫೆಸರ್ ತೀರಿಕೊಂಡು ಒಂದೂವರೆ ತಿಂಗಳಾಯಿತು. ಅಭಿಮಾನಿಗಳು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಹೋದ ವಾರ ಅದರ ಸಂಪಾದಕರಾದ ದಂತವೈದ್ಯರು ದುರ್ಗಿಗುಡಿಯ ನನ್ನ ಡಿಟಿಪಿ ಅಂಗಡಿಗೆ ಬಂದು, "ನೀವೂ ಒಂದು ಪುಟ ಬರ್ಕೊಡಿ ಮೇಡಂ. ಹನ್ನೊಂದು ವರ್ಷ ಅವರ ಪುಸ್ತಕ ಟೈಪ್ ಮಾಡಿದೋರು ನೀವು. ಅಷ್ಟು ಹತ್ತಿರದಿಂದ ನೋಡಿದೋರು ಇನ್ಯಾರಿದಾರೆ?" ಎಂದರು.

ಹತ್ತಿರದಿಂದ ನೋಡಿದ್ದೇ ತೊಂದರೆ ಎಂದು ನಾನು ಅವರಿಗೆ ಹೇಳಲಿಲ್ಲ. ಆಯ್ತು ಎಂದೆ. ಬರೆಯಲು ಕೂತರೆ ಬಂದದ್ದು ಇದು. ಒಂದು ಪುಟಕ್ಕೆ ನಿಲ್ಲಲಿಲ್ಲ. ಸಂಚಿಕೆಯಲ್ಲಿ ಇದಕ್ಕೆ ಜಾಗ ಸಿಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆ ಸಂಚಿಕೆಯನ್ನೂ ಟೈಪ್ ಮಾಡುತ್ತಿರುವವಳು ನಾನೇ. ಉಳಿದವರೆಲ್ಲ ಏನು ಬರೆದಿದ್ದಾರೆ ಎಂದು ನೋಡಿದ್ದೇನೆ.

ಅವರು ಕಾಲೇಜೊಂದರಲ್ಲಿ ಇಂಗ್ಲಿಷ್ ಪ್ರೊಫೆಸರಾಗಿ ನಿವೃತ್ತರಾದವರು. ಆದರೆ ಶಿವಮೊಗ್ಗದಲ್ಲಿ ಅವರ ಹೆಸರು ಓಡಾಡಿದ್ದು 'ಜಾಝ್ ಪ್ರೊಫೆಸರ್' ಎಂದು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ. ನಮ್ಮ ಊರಿನಲ್ಲಿ ಡೊಳ್ಳಿಗೆ, ಯಕ್ಷಗಾನಕ್ಕೆ, ಸುಗಮ ಸಂಗೀತಕ್ಕೆಲ್ಲ ಹತ್ತಾರು ಪಂಡಿತರಿದ್ದಾರೆ. ಯಾರಾದರೂ ಒಂದು ಮಾತು ತಪ್ಪಾಗಿ ಆಡಿದರೆ ಅಲ್ಲೇ ಹಿಡಿದು ನಿಲ್ಲಿಸುತ್ತಾರೆ. ನೂರು ವರ್ಷದ ಹಿಂದೆ ಅಮೆರಿಕದ ಕಪ್ಪು ಜನ ಕಟ್ಟಿದ ಸಂಗೀತದ ಬಗ್ಗೆ ಹಿಡಿದು ನಿಲ್ಲಿಸುವವರು ಯಾರಿದ್ದರು? ಅವರು ಜಾಝನ್ನು ಆರಿಸಿಕೊಂಡದ್ದೇ ಅದಕ್ಕಾಗಿ ಎಂದು ನನ್ನ ಗುಮಾನಿ.

ಮೊದಲ ಸಲ ಅಂಗಡಿಗೆ ಬಂದಾಗ ನಾಲ್ಕು ಜನ ಸಾಲಿನಲ್ಲಿ ನಿಂತಿದ್ದರು. ಪ್ರೊಫೆಸರ್ ಯಾರನ್ನೂ ನೋಡದೆ ನೇರ ಒಳಗೆ ಬಂದು, ನೀರು ಸೋರುತ್ತಿದ್ದ ಕೊಡೆಯನ್ನು ಜೆರಾಕ್ಸ್ ಮಷಿನ್ನಿನ ಮೇಲಿಟ್ಟರು.

"ಇಲ್ಲಿ ಕನ್ನಡ ಶುದ್ಧವಾಗಿ ಟೈಪ್ ಮಾಡ್ತಾರಾ?"

"ಮಾಡ್ತೀವಿ ಸಾರ್. ಕೊಡೆ ಸ್ವಲ್ಪ ತೆಗೀತೀರಾ, ಮಷಿನ್ ಇದೆ."

"ಎಲ್ಲರೂ ಹಂಗೇ ಹೇಳ್ತಾರೆ," ಎಂದರು. ಕೊಡೆ ತೆಗೆಯಲಿಲ್ಲ. ನಾನೇ ತೆಗೆದು ಮೂಲೆಗಿಟ್ಟೆ.

ಅವರು ತಂದದ್ದು ಜಾಝ್ ಸಂಗೀತದ ಚರಿತ್ರೆ, ಕನ್ನಡದಲ್ಲಿ. ಮುನ್ನೂರು ಪುಟದ ಕೈಬರಹ. ಆರು ತಿಂಗಳ ಕೆಲಸ ಎಂದುಕೊಂಡೆ. ಹನ್ನೊಂದು ವರ್ಷ ಹಿಡಿಯಿತು. ಏಕೆಂದರೆ ಅವರು ಪುಸ್ತಕ ಬರೆಯುತ್ತಿರಲಿಲ್ಲ, ತಿದ್ದುತ್ತಿದ್ದರು. ಮೊದಲು 'ಜಾಸ್' ಎಂದು ಬರೆದಿದ್ದರು. ಎರಡು ವರ್ಷದ ನಂತರ ಅದು ಹಳ್ಳಿಯವರ ಉಚ್ಚಾರ ಅನ್ನಿಸಿತಂತೆ. "ಎಲ್ಲಾ ಕಡೆ 'ಜ್ಯಾಝ್' ಅಂತ ಮಾಡಮ್ಮ. ಕಂಪ್ಯೂಟರಲ್ಲಿ ಒಂದು ಗುಂಡಿ ಒತ್ತಿದ್ರೆ ಆಗುತ್ತಲ್ಲ," ಎಂದರು. ಆಗುತ್ತದೆ. ಆದರೆ ಕಂಪ್ಯೂಟರಿಗೆ ಅರ್ಥ ತಿಳಿಯುವುದಿಲ್ಲ. 'ಜಾಸ್' ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬದಲಾಯಿಸಿತು. ಪುಸ್ತಕದ ತುಂಬ 'ಜಾಸ್ತಿ' ಹೋಗಿ 'ಜ್ಯಾಝ್ತಿ' ಆಗಿ ಕೂತಿತು. ಒಂದೊಂದಾಗಿ ಹುಡುಕಿ ಸರಿ ಮಾಡಿದೆ. ಆಮೇಲೆ 'ಜ್ಯಾಝ್' ನೋಡಲು ಚೆನ್ನಾಗಿಲ್ಲ, 'ಜಾಝ್' ಸಾಕು ಎಂದರು. ಮತ್ತೆ ಮಾಡಿದೆ. ಅಚ್ಚಾದ ಪುಸ್ತಕದಲ್ಲೂ ಒಂದು ಕಡೆ 'ಕಹಳೆಯ ಧ್ವನಿ ಜಾಝ್ತಿಯಾಗಿ' ಎಂದು ಉಳಿದುಬಿಟ್ಟಿದೆ. ಅರಿಕೆಯಲ್ಲಿ 'ಮುದ್ರಣದೋಷಗಳಿಗೆ ಬೆರಳಚ್ಚಿನವರೇ ಹೊಣೆ' ಎಂದು ಬರೆದರು. ಆ ವಾಕ್ಯವನ್ನು ಟೈಪ್ ಮಾಡಿದವಳೂ ನಾನೇ.

ವಿನೋಬನಗರದ ಅವರ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ 'ಶ್ರವಣ' ನಡೆಯುತ್ತಿತ್ತು. ಮುಂದಿನ ಕೋಣೆಯಲ್ಲಿ ಆರು ಕುರ್ಚಿ. ಆ ದಂತವೈದ್ಯರು, ಒಬ್ಬ ಅಡಿಕೆ ಮಂಡಿ ಸಾಹುಕಾರರು, ಬ್ಯಾಂಕಿನಿಂದ ನಿವೃತ್ತರಾದ ಇಬ್ಬರು ಖಾಯಂ. "ನೀನು ವಿಷಯ ಅರ್ಥ ಮಾಡ್ಕೊಂಡು ಟೈಪ್ ಮಾಡಿದ್ರೆ ತಪ್ಪು ಕಮ್ಮಿ ಆಗುತ್ತೆ" ಎಂದು ನನ್ನನ್ನೂ ಕರೆದರು. ಆರನೆಯ ಕುರ್ಚಿ ನನ್ನದಾಯಿತು.

ಹಳೆಯ ಕಾಲದ ಕರಿ ಗ್ರಾಮಫೋನ್ ತಟ್ಟೆಗಳು. ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು. ಅದಕ್ಕೆ ಅವರದು ನಲವತ್ತು ನಿಮಿಷದ ಪೀಠಿಕೆ. ಮಧ್ಯದಲ್ಲಿ ಇಂಗ್ಲೆಂಡಿನ ಕವಿಗಳು ಬರುತ್ತಿದ್ದರು, ಗ್ರೀಸಿನ ತತ್ವಜ್ಞಾನಿಗಳು ಬರುತ್ತಿದ್ದರು, ಕಾಲೇಜಿನಲ್ಲಿ ಅವರಿಗೆ ಪ್ರಿನ್ಸಿಪಾಲ್ ಹುದ್ದೆ ತಪ್ಪಿಸಿದವರು ಬರುತ್ತಿದ್ದರು. ಕಹಳೆ ಊದುವವನು ಕೊನೆಗೆ ಬರುತ್ತಿದ್ದ. ಅಷ್ಟರಲ್ಲಿ ಸಾಹುಕಾರರು ಕಣ್ಣು ಮುಚ್ಚಿರುತ್ತಿದ್ದರು. ಅದನ್ನು ಪ್ರೊಫೆಸರ್ ತನ್ಮಯತೆ ಎಂದು ತಿಳಿದು ಉಳಿದವರಿಗೆ ಕಣ್ಣಲ್ಲೇ ತೋರಿಸುತ್ತಿದ್ದರು.

ತಟ್ಟೆಗಳನ್ನೆಲ್ಲ ಅಮೆರಿಕದ ವಿದ್ವಾಂಸರೊಬ್ಬರು ತಮಗೆ ಪ್ರೀತಿಯಿಂದ ಕೊಟ್ಟು ಹೋದರು ಎಂದು ಹೇಳುತ್ತಿದ್ದರು. ಒಂದು ದಿನ ತಟ್ಟೆಯ ಲಕೋಟೆಯೊಂದು ನನ್ನ ಕೈಗೆ ಬಂತು. ಹಿಂಬದಿಯಲ್ಲಿ ನೇರಳೆ ಶಾಯಿಯ ಮುದ್ರೆ: ಮುಂಬಯಿಯ ಯಾವುದೋ ಹೋಟೆಲಿನದು. ಪಕ್ಕದಲ್ಲಿ ಹಳೆ ಸಾಮಾನಿನ ಅಂಗಡಿಯವನ ಬೆಲೆ ಚೀಟಿ. ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡರೆ ಅವಮಾನವೇನಿದೆ? ಹುಡುಕಿ ತಂದದ್ದು ಇನ್ನೂ ದೊಡ್ಡ ಮಾತು. ಆದರೆ ಅವರಿಗೆ ಯಾರಾದರೂ ದೊಡ್ಡವರು ಕೊಟ್ಟಿರಬೇಕಿತ್ತು.

ಅವರ ಹೆಂಡತಿ ಆ ಕೋಣೆಗೆ ಬರುತ್ತಿರಲಿಲ್ಲ. ಕಾಫಿ ತಟ್ಟೆಯನ್ನು ಬಾಗಿಲ ಹತ್ತಿರದ ಸ್ಟೂಲಿನ ಮೇಲಿಟ್ಟು ಹೋಗುತ್ತಿದ್ದರು. ಒಂದು ಸಲ ಹಾಡಿನ ನಡುವೆ ಅಡಿಗೆಮನೆಯಲ್ಲಿ ಕುಕ್ಕರ್ ಕೂಗಿತು. ಪ್ರೊಫೆಸರ್ ಮುಳ್ಳನ್ನು ತಟ್ಟೆಯಿಂದ ಮೇಲೆತ್ತಿದರು. ಎರಡನೆಯ ಸೀಟಿ, ಮೂರನೆಯ ಸೀಟಿ. ಅಷ್ಟೂ ಹೊತ್ತು ಕೈಯನ್ನು ಗಾಳಿಯಲ್ಲಿ ಹಾಗೇ ಹಿಡಿದುಕೊಂಡು ಬಾಗಿಲನ್ನೇ ನೋಡುತ್ತ ನಿಂತರು. ಒಳಗಿನಿಂದ ಸ್ಟೌ ಆರಿಸಿದ ಸದ್ದು ಕೇಳಿಸಿತು. ಆಮೇಲೆ ಭಾನುವಾರ ಆ ಮನೆಯಲ್ಲಿ ಹನ್ನೆರಡರವರೆಗೆ ಅಡಿಗೆ ಆಗುತ್ತಿರಲಿಲ್ಲ.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಆ ಕುರ್ಚಿಯಲ್ಲಿ ಕೂತು ಕೇಳದಿದ್ದರೆ ಈ ಸಂಗೀತ ನನ್ನ ಆಯುಷ್ಯದಲ್ಲಿ ನನಗೆ ಸಿಗುತ್ತಿರಲಿಲ್ಲ. ಮೊದಮೊದಲ ಬ್ಯಾಂಡುಗಳಲ್ಲಿ ಕಹಳೆ, ಕ್ಲಾರಿನೆಟ್, ಟ್ರಾಂಬೋನ್ ಮೂರೂ ಒಟ್ಟಿಗೇ ಮಾತಾಡುತ್ತವೆ. ಮದುವೆ ಮನೆಯ ಅಡಿಗೆ ಕೋಣೆಯಲ್ಲಿ ಹೆಂಗಸರು ಮಾತಾಡಿದ ಹಾಗೆ, ಯಾರೂ ಇನ್ನೊಬ್ಬರಿಗೆ ಕಾಯುವುದಿಲ್ಲ, ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರುತ್ತದೆ. ಆಮೇಲೆ ಒಬ್ಬ ಎದ್ದು ನಿಲ್ಲುತ್ತಾನೆ. ಉಳಿದವರು ದಾರಿ ಬಿಡುತ್ತಾರೆ. ಅವನು ಒಬ್ಬನೇ, ಅದೇ ರಾಗವನ್ನು ಎಲ್ಲೆಲ್ಲಿಗೋ ಒಯ್ದು ತಿರುಗಿ ತರುತ್ತಾನೆ. ಅಲ್ಲಿಂದ ಹತ್ತು ಹನ್ನೆರಡು ವರ್ಷದಲ್ಲಿ ಐವರ ಬ್ಯಾಂಡು ಹದಿನೈದು ಜನರದಾಗುತ್ತದೆ. ಸ್ಯಾಕ್ಸೊಫೋನಿನವರದು ಒಂದು ಸಾಲು, ಕಹಳೆಯವರದು ಒಂದು ಸಾಲು, ಟ್ರಾಂಬೋನಿನವರದು ಒಂದು ಸಾಲು. ಯಾರು ಎಲ್ಲಿ ನುಡಿಸಬೇಕೆಂದು ಮೊದಲೇ ಬರೆದಿಟ್ಟಿರುತ್ತಾರೆ. ಅದೇ ಸ್ವಿಂಗ್. ಆ ಸಂಗೀತದ ಜೋಕಾಲಿಯಂಥ ಓಲಾಟಕ್ಕೂ ಅದೇ ಹೆಸರು. ಇದನ್ನೆಲ್ಲ ನಾನು ನಾಲ್ಕು ಸಲ ಟೈಪ್ ಮಾಡಿದ್ದೇನೆ, ಬಾಯಿಪಾಠವಾಗಿದೆ.

ಪ್ರೊಫೆಸರ್ ಪ್ರಕಾರ ಒಂಟಿ ವಾದಕರದು ಸುವರ್ಣಯುಗ, ದೊಡ್ಡ ಬ್ಯಾಂಡುಗಳದು ಪತನ. "ಗುಂಪು ಸೇರಿದಲ್ಲಿ ಕಲೆ ಸಾಯುತ್ತೆ," ಎನ್ನುತ್ತಿದ್ದರು, ಗುಂಪನ್ನು ಎದುರಿಗೆ ಕೂರಿಸಿಕೊಂಡು. ಇನ್ನೊಂದು ಮಾತು ಇದಕ್ಕಿಂತ ಹೆಚ್ಚು ಸಲ ಬರುತ್ತಿತ್ತು: "ನಮ್ಮವರಿಗೆ ಸ್ವಿಂಗ್ ದಕ್ಕಲ್ಲ. ಲಗ್ನದ ಬ್ಯಾಂಡ್ ಸೆಟ್ ಕೇಳಿ ಕೇಳಿ ನಮ್ಮ ಕಿವಿ ಸತ್ತಿದೆ." ಹೀಗೆ ಹೇಳುತ್ತ ಹಾಡಿಗೆ ಪೆನ್ಸಿಲಿನಿಂದ ತಾಳ ಹಾಕುತ್ತಿದ್ದರು. ನಾಲ್ಕರ ಎಣಿಕೆಯಲ್ಲಿ ಹಾಡಿನ ಒತ್ತು ಎರಡಕ್ಕೆ, ನಾಲ್ಕಕ್ಕೆ ಬೀಳುತ್ತಿತ್ತು; ಅವರ ಪೆನ್ಸಿಲು ಒಂದಕ್ಕೆ, ಮೂರಕ್ಕೆ ಬೀಳುತ್ತಿತ್ತು. ನಾನು ಬ್ಯಾಂಡ್ ಸೆಟ್ಟಿನವನ ಮಗಳು. ನನಗೆ ಅದು ಕಾಣದೇ ಇರುವುದಿಲ್ಲ.

ಒಂದು ಭಾನುವಾರ ಹಾಡು ನಡೆಯುತ್ತಿರುವಾಗ, "ಈಗ ಸ್ಯಾಕ್ಸೊಫೋನ್ ಬಂತು ನೋಡಿ, ಎಷ್ಟು ಗಂಭೀರ!" ಎಂದರು.

ನನ್ನ ಬಾಯಿ ತಡೆಯಲಿಲ್ಲ. "ಸಾರ್, ಅದು ಕ್ಲಾರ್ನೆಟ್ಟು. ಕೆಳಗಿನ ಸ್ವರದಲ್ಲಿ ನುಡಿಸ್ತಿದಾರೆ, ಅಷ್ಟೆ."

ಅವರು ಲಕೋಟೆಯನ್ನು ಕನ್ನಡಕದ ಹತ್ತಿರ ತಂದು ವಾದಕರ ಪಟ್ಟಿ ಓದಿದರು. ಅದರಲ್ಲಿ ಸ್ಯಾಕ್ಸೊಫೋನೇ ಇರಲಿಲ್ಲ.

"ನಿನಗೆ ಹೇಗೆ ಗೊತ್ತಾಯ್ತು?"

"ನಮ್ಮಪ್ಪ ನುಡಿಸ್ತಾರೆ ಸಾರ್. ಭದ್ರಾವತಿ ಬ್ಯಾಂಡ್ ಸೆಟ್ಟಲ್ಲಿ."

ಅವರು ನಕ್ಕರು. ಸ್ವಲ್ಪ ಹೊತ್ತು ಯೋಚಿಸಿ, "ಕರ್ಕೊಂಡು ಬಾ. ಒಂದು ಪ್ರಯೋಗ ಮಾಡೋಣ," ಎಂದರು.

ಅಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಎರಕದ ಕೆಲಸ ಮಾಡಿ ನಿವೃತ್ತನಾದವನು. ಲೈನ್ ಮನೆಗಳಲ್ಲಿದ್ದಾಗ ಪಕ್ಕದ ಮನೆಯ ತಮಿಳು ಮೇಸ್ತ್ರಿಯಿಂದ ಕ್ಲಾರಿನೆಟ್ ಕಲಿತ. ಶಿಫ್ಟ್ ಇಲ್ಲದ ದಿನ ದಿಬ್ಬಣಗಳಲ್ಲಿ ನುಡಿಸುತ್ತಿದ್ದ. ಸ್ವರಲಿಪಿ ಬರುವುದಿಲ್ಲ, ಕೇಳಿದ್ದನ್ನು ನುಡಿಸುತ್ತಾನೆ. ಪ್ರೊಫೆಸರ್ ಕರೆದಿದ್ದಾರೆ ಎಂದಾಗ ಅಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ ಮದುವೆಗೆ ಹೋಗುವವನ ಹಾಗೆ ಬಿಳಿ ಶರ್ಟು ಇಸ್ತ್ರಿ ಮಾಡಿಸಿಕೊಂಡು ಬಂದ.

"ಬಾರಪ್ಪ, ಕೂತ್ಕೋ," ಎಂದರು ಪ್ರೊಫೆಸರ್. ಇಬ್ಬರಿಗೂ ನಾಲ್ಕು ವರ್ಷದ ಅಂತರ ಇತ್ತೋ ಇಲ್ಲವೋ. ಕುರ್ಚಿ ಆರೇ ಇದ್ದದ್ದರಿಂದ ನಾನು ಎದ್ದು ನಿಂತೆ.

ಕ್ಲಾರಿನೆಟ್ ಒಂಟಿಯಾಗಿ ಹೋಗುವ ಒಂದು ಹಾಡನ್ನು ಮೂರು ಸಲ ಕೇಳಿಸಿದರು. ಅಪ್ಪ ಮಂಡಿಯ ಮೇಲೆ ಬೆರಳಿಟ್ಟು, ಇಲ್ಲದ ವಾದ್ಯದ ತೂತುಗಳನ್ನು ಮುಚ್ಚಿ ತೆಗೆದು ಮಾಡುತ್ತಿದ್ದ. ಆಮೇಲೆ ಪ್ರೊಫೆಸರ್ ದೊಡ್ಡ ಬ್ಯಾಂಡಿನ ಒಂದು ತಟ್ಟೆ ಹಾಕಿ, "ಇಲ್ಲಿ ಕೇಳು, ಒಂಟಿ ವಾದಕ ಹೇಗೆ ಮುಳುಗಿಹೋಗ್ತಾನೆ," ಎಂದರು. ಅಪ್ಪ ತಲೆಯಾಡಿಸಿದ. ವಾಪಸು ಹೋಗುವಾಗ ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಂದು, "ಯಾರು ಮುಳುಗಿದ್ರು ಪುಟ್ಟಿ? ಅವನು ಎದ್ದು ನಿಂತಾಗ ಹಿಂದಿನವರು ಸುಮ್ನೆ ಕೂತಿಲ್ಲ. ಮಗೂನ ಎತ್ಕೊಂಡಂಗೆ ಎತ್ಕೊಂಡಿದಾರೆ ಅವನನ್ನ. ಅಷ್ಟು ಜನ ಎತ್ಕೊಂಡ್ರೆ ಯಾರು ಬೇಕಾದ್ರೂ ಆಕಾಶ ಮುಟ್ತಾರೆ," ಎಂದ. ಮುನ್ನೂರು ಪುಟದಲ್ಲಿ ಇಲ್ಲದ ಮಾತು ಅದು.

ಮುಂದಿನ ಭಾನುವಾರ ಅಪ್ಪ ವಾದ್ಯದೊಂದಿಗೆ ಬಂದ. ಮೇಲಿನ ಸಾಲಿನಲ್ಲಿ ಆಗ ಅವನಿಗೆ ಎರಡೇ ಹಲ್ಲು ಉಳಿದಿದ್ದವು. ಪುಣ್ಯಕ್ಕೆ ಎರಡೂ ಮುಂದಿನವು, ವಾದ್ಯದ ತುದಿ ಕಚ್ಚಿ ಹಿಡಿಯಲು ಬೇಕಾದವು. ಗೋಡೆಗೆ ಒರಗಿ ನಿಂತು, ಕಣ್ಣು ಬಿಟ್ಟುಕೊಂಡೇ, ಆ ಹಾಡಿನ ಒಂಟಿ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದ. ತಟ್ಟೆಯ ಕರಕರ ಸದ್ದೊಂದಿಲ್ಲ, ಉಳಿದದ್ದೆಲ್ಲ ಇತ್ತು. ಆ ಜೋಕಾಲಿಯಂಥ ಓಲಾಟವೂ ಇತ್ತು. ನಡುವೆ ಒಂದು ಕಡೆ ಮಾತ್ರ ತಟ್ಟೆಯಲ್ಲಿ ಇಲ್ಲದ ಒಂದು ಎಳೆತ ಬಂತು, ದಿಬ್ಬಣ ಛತ್ರದ ಬಾಗಿಲಿಗೆ ಬಂದಾಗ ಅಪ್ಪ ಎಳೆಯುತ್ತಾನಲ್ಲ, ಅಂಥದ್ದು. ಸಾಹುಕಾರರು ಪೂರ್ತಿ ಎಚ್ಚರವಾಗಿದ್ದರು. "ಭೇಷ್!" ಎಂದು ಕೂಗಿಯೇಬಿಟ್ಟರು.

ಪ್ರೊಫೆಸರ್ ಪೆನ್ಸಿಲನ್ನು ಮೇಜಿನ ಮೇಲಿಟ್ಟರು. "ನಡುವೆ ತಪ್ಪಾಯ್ತು."

"ಹೌದು ಸಾರ್," ಎಂದ ಅಪ್ಪ, ತುಂಬ ವಿನಯದಿಂದ. "ಅಲ್ಲಿ ಅವ್ರು ಹಂಗೆ ಹೋದ್ರು. ನಾನು ಹಿಂಗೆ ಬಂದೆ."

"ಉಳಿದಿದ್ದೆಲ್ಲ ಬರೀ ಅನುಕರಣೆ."

ಹೀಗೆ ಪ್ರಯೋಗ ಮುಗಿಯಿತು. ತಟ್ಟೆಗೆ ಹೊಂದಿದ್ದೆಲ್ಲ ಅನುಕರಣೆ, ಹೊಂದದ್ದು ತಪ್ಪು. ಇವೆರಡರ ನಡುವೆ ನನ್ನ ಅಪ್ಪನಿಗೆ ಕಾಲಿಡಲು ಅವರು ಒಂದು ಗೇಣು ಜಾಗ ಬಿಟ್ಟಿರಲಿಲ್ಲ. ನಲವತ್ತು ವರ್ಷದಿಂದ 'ನಮ್ಮವರಿಗೆ ದಕ್ಕಲ್ಲ' ಎಂದು ಹೇಳಿಕೊಂಡು ಬಂದವರ ಎದುರಿಗೆ, ಎರಡು ಹಲ್ಲಿನ ಮುದುಕನೊಬ್ಬ ಏಳು ದಿನದಲ್ಲಿ ದಕ್ಕಿಸಿಕೊಂಡು ಬಂದು ನಿಂತಿದ್ದ. ಅವರು ಹೆದರಿದರು ಎಂದು ಈಗ ಅನ್ನಿಸುತ್ತದೆ. ಅಪ್ಪನನ್ನು ಮತ್ತೆ ಶ್ರವಣಕ್ಕೆ ಕರೆಯಲಿಲ್ಲ.

ಮೂರು ತಿಂಗಳ ನಂತರ ಕೊನೆಯ ಅಧ್ಯಾಯಕ್ಕೆ ಸೇರಿಸಲು ಒಂದು ಹಾಳೆ ತಂದರು. ಅದರಲ್ಲಿ ಹೀಗಿತ್ತು: 'ಭದ್ರಾವತಿಯ ನಿರಕ್ಷರ ಬ್ಯಾಂಡಿನವನೊಬ್ಬನಿಗೆ ನಾನು ಆರು ತಿಂಗಳು ತಾಳ್ಮೆಯಿಂದ ಕಲಿಸಿದೆ. ಕೈ ಕಲಿಯಿತು, ಮನಸ್ಸು ಕಲಿಯಲಿಲ್ಲ. ಸ್ವಿಂಗ್ ಅವನಿಗೆ ದಕ್ಕಲೇ ಇಲ್ಲ.'

"ಸಾರ್, ನಮ್ಮಪ್ಪ ಎಸ್ಸೆಸ್ಸೆಲ್ಸಿ ಪಾಸು," ಎಂದೆ. "ನೀವು ಕಲಿಸ್ಲೂ ಇಲ್ಲ."

"ಇದು ನಿಮ್ಮಪ್ಪ ಅಂತ ಎಲ್ಲಿದೆಯಮ್ಮ? ಹೆಸರೇ ಹಾಕಿಲ್ವಲ್ಲ. ಇದು ಒಂದು ಮಾದರಿ, ಅಷ್ಟೆ."

ಹೆಸರು ಹಾಕದಿದ್ದರೆ ಯಾರಿಗೂ ನೋವಾಗುವುದಿಲ್ಲ ಎಂದು ಅವರೇ ಕಲಿಸಿದ್ದರಿಂದ ನಾನೂ ಇಲ್ಲಿ ಅವರ ಹೆಸರು ಹಾಕಿಲ್ಲ.

ಟೈಪ್ ಮಾಡುವಾಗ 'ನಿರಕ್ಷರ' ಎಂಬುದನ್ನು ಬಿಟ್ಟುಬಿಟ್ಟೆ. ಅಷ್ಟೇ ನನ್ನ ಶೌರ್ಯ. ಕರಡು ತಿದ್ದುವಾಗ ಅವರು ಅದನ್ನು ಹಿಡಿದು ಕೆಂಪು ಶಾಯಿಯಲ್ಲಿ ಮತ್ತೆ ಸೇರಿಸಿದರು. ನಾನು ಮತ್ತೆ ಟೈಪ್ ಮಾಡಿದೆ. ಯಾಕೆ ಮಾಡಿದೆ? ಆಗದು ಎಂದು ಹಾಳೆ ವಾಪಸು ಕೊಟ್ಟಿದ್ದರೆ ನನ್ನ ಅಂಗಡಿ ಮುಚ್ಚಿಹೋಗುತ್ತಿರಲಿಲ್ಲ. ಆದರೆ ಶ್ರವಣದಲ್ಲಿ ಒಂದೆರಡು ಸಲ ಅವರು ಎಲ್ಲರ ಎದುರಿಗೆ, "ಈ ಹುಡುಗಿಗೆ ಕಿವಿ ಇದೆ," ಎಂದಿದ್ದರು. ಆಗ ನನಗೆ ನಲವತ್ತೆರಡು ವರ್ಷ. ಒಬ್ಬ ಪ್ರೊಫೆಸರ್ ಹಾಗೆಂದದ್ದು ನನಗೆ ಎಷ್ಟು ಬೇಕಾಗಿತ್ತೆಂದರೆ, ಆ ಆರನೆಯ ಕುರ್ಚಿಯನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಅವರ ಬಗ್ಗೆ ನನಗಿರುವ ತಿರಸ್ಕಾರದಲ್ಲಿ ನನ್ನ ಪಾಲೂ ಇದೆ.

ಪುಸ್ತಕ ಬಿಡುಗಡೆಗೆ ಅಮೆರಿಕದಿಂದ ಒಬ್ಬ ಜಾಝ್ ವಿದ್ವಾಂಸರು ಬರುತ್ತಾರೆ, ಊರಿನ ಪಕ್ಕದ ಸೋಗಾನೆಯಲ್ಲೇ ವಿಮಾನದಿಂದ ಇಳಿಯುತ್ತಾರೆ ಎಂದು ಊರೆಲ್ಲ ಹೇಳಿದ್ದರು. ಆಹ್ವಾನ ಪತ್ರಿಕೆಯಲ್ಲಿ 'ವಿದೇಶಿ ಅತಿಥಿಗಳು' ಎಂದು ಹಾಕಿಸಿದ್ದರು. ದಂತವೈದ್ಯರು ಹಾರ ಹಿಡಿದುಕೊಂಡು ಏರ್‌ಪೋರ್ಟಿಗೆ ಹೋಗಿ ಮಧ್ಯಾಹ್ನದವರೆಗೆ ಕಾದು, ಹಾರ ಹಿಡಿದುಕೊಂಡೇ ಬಂದರು. ಆ ಹಾರ ಸಾಹುಕಾರರ ಕೊರಳಿಗೆ ಬಿತ್ತು.

ಪ್ರೊಫೆಸರ್ ನನಗೆ ಮೊದಲೇ ಫೋನ್ ಮಾಡಿ, "ನಿಮ್ಮ ತಂದೆಯವರನ್ನ ಕರ್ಕೊಂಡು ಬಾ, ವಾದ್ಯ ಸಮೇತ," ಎಂದಿದ್ದರು. ಆ 'ತಂದೆಯವರನ್ನ' ಎಂಬ ಬಹುವಚನಕ್ಕೆ ನಾನು ಸೋತೆ. ಅಪ್ಪ ಒಂದು ವಾರ ಅಭ್ಯಾಸ ಮಾಡಿದ. ಎರಡನೆಯ ಸಾಲಿನಲ್ಲಿ ನನ್ನ ಪಕ್ಕ ಕೂತು, ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು, ನಾಲ್ಕು ಭಾಷಣ ಕೇಳಿದ. ನಾನು ಏನಾದರೂ ಹೇಳಿದರೆ ಬರೀ ತಲೆಯಾಡಿಸುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಕೊನೆಗೆ ಪ್ರೊಫೆಸರ್ ಎದ್ದರು. ಪೀಠಿಕೆಯ ನಡುವೆ ಥಟ್ಟನೆ ನಿಲ್ಲಿಸಿ, ನಮ್ಮ ಕಡೆ ಕೈ ತೋರಿಸಿ, "ಬಾರಪ್ಪ ಮೇಲೆ," ಎಂದರು.

ಅಪ್ಪ ವೇದಿಕೆ ಹತ್ತಿದ.

"ವಾದ್ಯ ಎತ್ತಿ ಹಿಡಿ. ಹಾಂ, ಇನ್ನೂ ಮೇಲೆ. ನೋಡಿ, ಇದನ್ನೇ ಕ್ಲಾರಿನೆಟ್ ಅನ್ನೋದು. ನಮ್ಮಲ್ಲಿ ಬಹಳ ಜನ ಇದನ್ನ ಶಹನಾಯಿ ಅಂದ್ಕೊಂಡಿದಾರೆ." ಸಭೆ ನಕ್ಕಿತು. "ಸಾಕು, ಹೋಗಿ ಕೂತ್ಕೋ."

ಅಪ್ಪ ಇಳಿದು ಬಂದ. ಸಭೆ ಮುಗಿಯುವವರೆಗೆ ಅಲುಗದೆ ಕೂತ. ಹೊರಗೆ ಕಾಫಿ ಕೊಡುವಲ್ಲಿ ಪ್ರೊಫೆಸರ್ ನನ್ನ ಭುಜ ತಟ್ಟಿ, "ಚೆನ್ನಾಗಾಯ್ತಲ್ವಾ?" ಎಂದರು. ನಾನು ಹೂಂ ಎಂದೆ.

ಭದ್ರಾವತಿ ಬಸ್ಸಿನಲ್ಲಿ ಅಪ್ಪ ಬಾಯಿಂದ ಏನನ್ನೋ ತೆಗೆದು ಕರವಸ್ತ್ರದಲ್ಲಿ ಒರೆಸಿದ. ಕ್ಲಾರಿನೆಟ್ಟಿನ ರೀಡು. ಬೆರಳಗಲದ ಆ ತೆಳು ಪಟ್ಟಿ ಒಣಗಿದ್ದರೆ ನಾದ ಹೊರಡುವುದಿಲ್ಲ, ನುಡಿಸುವ ಮುಂಚೆ ಬಾಯಲ್ಲಿಟ್ಟು ಒದ್ದೆ ಮಾಡಬೇಕು.

"ಯಾವಾಗ ಕರೀತಾರೋ ಗೊತ್ತಿಲ್ವಲ್ಲ ಪುಟ್ಟಿ. ಅದಕ್ಕೇ ಬಾಯಲ್ಲೇ ಇಟ್ಕೊಂಡಿದ್ದೆ," ಎಂದ. ಸಭೆ ಎರಡು ಗಂಟೆ ನಡೆದಿತ್ತು.

ಓಲ್ಡ್ ಟೌನಿನ ತನ್ನ ಮನೆಗೆ ಹೋದ ಮೇಲೆ ಕನ್ನಡಕ ಹಾಕಿಕೊಂಡು ಪುಸ್ತಕ ಓದಲು ಕೂತ. ನಾನು ತಡೆಯಲಿಲ್ಲ. ಮೂರು ದಿನ ಓದಿದ. ಕೊನೆಯ ಅಧ್ಯಾಯ ಮುಗಿದ ಸಂಜೆ ನನಗೆ ಫೋನ್ ಮಾಡಿ ಜೋರಾಗಿ ನಕ್ಕ. "ನಿರಕ್ಷರ ಅಂತ ಬರ್ದಿದಾರೆ. ಅದನ್ನ ನಾನೇ ಓದಿದೆ ನೋಡು!"

ನನಗೆ ನಗಲಾಗಲಿಲ್ಲ.

"ಟೈಪ್ ಮಾಡಿದ್ದು ನೀನೇ ಅಲ್ವಾ?"

"ಹೂಂ ಅಪ್ಪ."

"ಚೆನ್ನಾಗಿ ಮಾಡಿದೀಯ. ಆ ಪುಟದಲ್ಲಿ ಒಂದೂ ತಪ್ಪಿಲ್ಲ."

ವ್ಯಂಗ್ಯವಾಗಿ ಹೇಳಿದನೋ, ನಿಜಕ್ಕೂ ಮೆಚ್ಚಿದನೋ, ನಾನು ಇವತ್ತಿನವರೆಗೆ ಕೇಳಿಲ್ಲ. ಅಪ್ಪನಿಗೆ ಅವರ ಮೇಲೆ ಸಿಟ್ಟಿಲ್ಲ. "ಮೂರು ಸಲ ಕೇಳಿಸಿದ್ರಲ್ಲ," ಎನ್ನುತ್ತಾನೆ ಈಗಲೂ. ಸಿಟ್ಟು ನನ್ನದು.

ನಾನು ಭಾನುವಾರ ಹೋಗುವುದನ್ನು ಬಿಟ್ಟೆ. ಅವರಿಗೆ ಅದು ತಿಳಿಯಲು ಆರು ವಾರ ಬೇಕಾಯಿತು. ಬಿಡುಗಡೆಯಾದ ಪ್ರತಿಗಳು ಅವರ ಮಂಚದ ಕೆಳಗೆ ಕಟ್ಟು ಬಿಚ್ಚದೆ ಬಿದ್ದಿದ್ದವು. ಅವರು ಎರಡನೆಯ ಮುದ್ರಣಕ್ಕೆ ತಿದ್ದುಪಡಿ ಹಿಡಿದುಕೊಂಡು ಅಂಗಡಿಗೆ ಬಂದರು.

"ಬೇರೆಯವರ ಹತ್ರ ಮಾಡಿಸ್ಕೊಳ್ಳಿ ಸಾರ್," ಎಂದೆ.

"ಯಾಕಮ್ಮ? ಬೇರೆಯವರಿಗೆ ಏನು ಗೊತ್ತಾಗುತ್ತೆ? ನಿನಗೆ ಕಿವಿ ಇದೆ. ನಾನು ಹನ್ನೊಂದು ವರ್ಷ ಕೂರಿಸಿ ಕೊಟ್ಟ ಕಿವಿ ಅದು."

"ಇದು ನಮ್ಮಪ್ಪ ಕೊಟ್ಟಿದ್ದು ಸಾರ್. ನೀವು ಕೊಟ್ಟಿದ್ದು ಕುರ್ಚಿ."

ಜೆರಾಕ್ಸಿಗೆ ನಿಂತಿದ್ದವರು ತಿರುಗಿ ನೋಡಿದರು. ಪ್ರೊಫೆಸರ್ ಹಾಳೆಗಳನ್ನು ಜೋಡಿಸಿಕೊಂಡು ಮೆಟ್ಟಿಲಿಳಿದು ಹೋದರು. ನನಗೆ ಕನಿಕರ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಬರಲಿಲ್ಲ. ಅಂದು ಮಧ್ಯಾಹ್ನ ಜೆರಾಕ್ಸ್ ಹಾಳೆಗಳ ನಡುವೆ ಕೂತು ಹೊಟ್ಟೆ ತುಂಬ ಊಟ ಮಾಡಿದೆ. ಮತ್ತೆ ಅವರನ್ನು ನೋಡಲಿಲ್ಲ.

ತೀರಿಕೊಂಡ ಸುದ್ದಿ ಬಂದಾಗಲೂ ಹೋಗಲಿಲ್ಲ. ಹದಿಮೂರನೆಯ ದಿನ ಕಳೆದು ವಾರದ ಮೇಲೆ ಅವರ ಹೆಂಡತಿಯೇ ಫೋನ್ ಮಾಡಿದರು. "ಒಂದ್ಸಲ ಬಂದು ಹೋಗೆ. ಆ ಹಾಡಿನ ಪೆಟ್ಟಿಗೆ ಹಾಕೋದು ಹೆಂಗೆ ಅಂತ ನಂಗೆ ಗೊತ್ತಿಲ್ಲ," ಎಂದರು.

ಹೋದೆ. ಮುಂದಿನ ಕೋಣೆಯಲ್ಲಿ ಆರು ಕುರ್ಚಿಗಳು ಒಂದರ ಮೇಲೊಂದು ಕೂತಿದ್ದವು. ಅವರು ಎರಡನ್ನು ಇಳಿಸಿದರು. ತಟ್ಟೆಗಳನ್ನು ಯಾರಿಗೋ ಕೊಟ್ಟುಬಿಡಬೇಕಂತೆ, ದಂತವೈದ್ಯರು ಕೇಳಿದ್ದಾರಂತೆ. "ಕೊಡೋದು ಕೊಡ್ತೀನಿ. ಅದಕ್ಕೆ ಮುಂಚೆ ಒಂದಾದ್ರೂ ಕೇಳ್ಬೇಕು ಅನ್ಸ್ತು. ಐವತ್ತು ವರ್ಷ ಅದರ ಧೂಳು ಒರೆಸಿದೀನಿ, ಕೂತು ಕೇಳಿಲ್ಲ."

"ಕರೀಲೇ ಇಲ್ವಾ ಅಮ್ಮ?"

"ನಂಗೆ ತಿಳಿಯಲ್ಲ ಅಂತಿದ್ರು."

ನಾನು ದೊಡ್ಡ ಬ್ಯಾಂಡಿನ ತಟ್ಟೆಯೊಂದನ್ನು ಆರಿಸಿ ಹಾಕಿದೆ. ಪೀಠಿಕೆ ಇಲ್ಲ. ಸ್ಯಾಕ್ಸೊಫೋನಿನ ಸಾಲು ಏನೋ ಕೇಳಿತು, ಕಹಳೆಯ ಸಾಲು ಥಟ್ಟನೆ ಉತ್ತರ ಕೊಟ್ಟಿತು, ಟ್ರಾಂಬೋನಿನವರು ನಡುವೆ ಬಾಯಿ ಹಾಕಿದರು. ಒಬ್ಬ ಎದ್ದು ಒಂಟಿಯಾಗಿ ಊದಿದ, ಹಿಂದಿನವರೆಲ್ಲ ಸೇರಿ ಅವನನ್ನು ಮೇಲೆ ಮೇಲೆ ಕಳಿಸಿದರು. ಅಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಾಯಿ ಸ್ವಲ್ಪ ತೆರೆದು ಕೂತಿದ್ದರು. ಮೂರು ನಿಮಿಷಕ್ಕೆ ಹಾಡು ಮುಗಿಯಿತು.

"ಇದನ್ನ ಎಂತಕ್ಕೆ ನುಡಿಸ್ತಿದ್ರು ಅವ್ರು?"

"ಕುಣಿಯೋಕೆ ಅಮ್ಮ. ದೊಡ್ಡ ದೊಡ್ಡ ಹಾಲ್‌ಗಳಲ್ಲಿ ಗಂಡಸರು ಹೆಂಗಸರು ಎಲ್ಲಾ ಸೇರಿ ಕುಣೀತಿದ್ರು."

"ಕುಣಿಯೋಕಾ?" ಅವರು ನನ್ನನ್ನೇ ನೋಡಿದರು. "ನಿಜವಾಗ್ಲೂ?"

"ನಿಜ."

"ಅಯ್ಯೋ ಮಾರಾಯ್ತಿ! ನೀವೆಲ್ಲ ಈ ರೂಮಿಂದ ಹೊರಗೆ ಬರ್ತಿದ್ದ ಮುಖ ನೋಡಿ, ನಾನು ಇದು ಸಾವಿನ ಮನೇಲಿ ನುಡಿಸೋ ಸಂಗೀತ ಅನ್ಕೊಂಡಿದ್ದೆ."

ನನಗೆ ನಗು ಬಂತು, ತಡೆದುಕೊಂಡೆ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು. ಅಷ್ಟರಲ್ಲಿ ಅವರೇ ನಗಲು ಶುರು ಮಾಡಿದರು. ಬಾಯಿಗೆ ಸೆರಗು ಒತ್ತಿಕೊಂಡು, ಭುಜ ಕುಲುಕಿಸಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಗು ನಿಂತ ಮೇಲೂ ನೀರು ಬರುತ್ತಲೇ ಇತ್ತು. "ಒಂದು ದಿನಾನೂ ಹೇಳ್ಲಿಲ್ಲ ನೋಡು," ಎಂದರು. "ಒಂದು ದಿನಾನೂ."

ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಇಣುಕಿ ನೋಡುತ್ತಿದ್ದರು. ನಾನು ಎದ್ದು ಕಿಟಕಿ ಮುಚ್ಚಲು ಹೋದೆ.

"ಇರ್ಲಿ ಬಿಡೆ, ನೋಡ್ಲಿ," ಎಂದರು ಅಮ್ಮ. ಕಣ್ಣೊರೆಸಿಕೊಂಡು, ಸೀರೆಯ ನಿರಿಗೆ ಸರಿಮಾಡಿಕೊಂಡು, ಕುರ್ಚಿಯಿಂದ ಎದ್ದು ನಿಂತರು. "ಇನ್ನೊಂದ್ಸಲ ಹಾಕು. ಸ್ವಲ್ಪ ಜೋರಾಗಿ ಇಡು."